ತೆಳಗ ಯಾರು ನೋಡ್ತಾರ

ಖಡೇಬಜಾರದ ಕಿಲ್ಲೇಕರ ಅಂಗಡಿಗೆ
ನಾನು ರೊಟ್ಟಿ ಹಂಚು ಚೀಲದಾಗ ಹಾಕ್ಕೊಂಡು ಹೋದೆ,
ಇವರು ಕಿಸೆದಾಗ ಒಂದು ಚುಂಬಕ ಇಟಗೊಂಡು.
ಒಬ್ಬರಿಗೊಬ್ಬರು ಹೇಳಿರಲಿಲ್ಲ.
ಎರಡೂ ಹೊರಗ ಬಂದಾಗ
ಕೆಲಸದ ಹುಡುಗ ನಕ್ಕ, ನಾವೂ ನಕ್ಕಿವಿ.

ಗಾಜಿನ ಒಲಿ ಸಾಲಾಗಿ ಇದ್ದವು.
ಒಂದರ ಮೈಮ್ಯಾಲ ಗುಲಾಬಿ ಹೂ,
ಒಂದರಾಗ ನನ್ನ ಮಾರಿ, ಕುಂಕುಮ ಸರಿ ಮಾಡಿಕೊಂಡೆ.
"ಕಡ್ಡಿ ಗೀರೂದ ಬ್ಯಾಡ ವೈನಿ, ಕಿವಿ ಹಿಂಡಿದರ ಸಾಕು,"
ಅಂದ್ರು ಕಿಲ್ಲೇಕರ.
ನಾ ಹಂಚು ಇಟ್ಟೆ.
ಅತ್ತಿ ಕೊಟ್ಟದ್ದು, ಹೊಟ್ಟಿ ಒಳಗ ಹೋದ ಹಂಚು.
ರೊಟ್ಟಿ ತಿರುವೂ ಹಂಗ ಅಂಗೈ ಆಡಿಸಿದೆ.
ಟಕ್ ಅಂತು.
ದಿನಾ ಮೂವತ್ತು ರೊಟ್ಟಿ, ಮೂವತ್ತು ಸಲ ಟಕ್.
ಬ್ಯಾಡ ಅಂದೆ.

ಇವರು ನೋಡೂದ ಬ್ಯಾರೆ.
ಉದ್ಯಮಬಾಗದಾಗ ಇಪ್ಪತ್ತಾರು ವರ್ಷ
ಮರಳಿನ ಅಚ್ಚು ಕಟ್ಟಿದ ಕೈ.
ಹಸುಗೂಸು ಎತ್ತಿಕೊಂಡು 'ತೂಕ ಐತಿ' ಅಂತಾರಲ್ಲ,
ಹಂಗ ಬರ್ನರ್ ಎತ್ತಿ ತೂಗಿದರು.
ನಾಣ್ಯದಿಂದ ಬಡದ್ರು, ಕಿವಿ ಹಚ್ಚಿದ್ರು.
ಒಂದು ಬೊದ್ದ ಸಪ್ಪಳ, ನೆಗಡಿ ಬಂದವರ ದನಿ.
ಒಂದು ಗಂಟೆಯ ಮೊಮ್ಮಗಳಂಗ ಕಿಣಿ ಅಂತು.
ಆಮ್ಯಾಲ ಅದನೂ ಬೋರಲ ಹಾಕಿ
ತಳದಾಗ ಉಗುರು ಆಡಿಸಿದರು.
ಸಾಸಿವಿ ಹಿಡಿಯೂವಷ್ಟು ತೂತು.
"ಗಾಳಿ ಸಿಕ್ಕೈತಿ. ಸುರಿಯೂವಾಗ ಅವಸರ ಮಾಡ್ಯಾರ."
"ಭಾಳ ಬಾರೀಕ ನೋಡ್ತೀರಿ ಬಿಡ್ರಿ," ಕಿಲ್ಲೇಕರ ಬೆವರು ಒರಿಸಿದ್ರು,
"ತೆಳಗ ಯಾರು ನೋಡ್ತಾರ?"
ಇವರು ತಲಿ ಎತ್ತಲಿಲ್ಲ.
"ಬೆಂಕಿ ನೋಡತೈತಿ."

ಅಷ್ಟೊತ್ತಿಗೆ ಅಂಗಡಿ ತುಂಬ ಒಲಿ ಬೋರಲ.

ನಮ್ಮ ಹಳೇ ಒಲಿ ಲಗ್ನದಾಗ ಬಂದದ್ದು.
ಮೂರನೇ ವರ್ಷಕ್ಕ ಒಂದು ಕಾಲು ಮುರೀತು.
ಪಾಳಿ ಮುಗದ ಮ್ಯಾಲ ಇವರು
ಭಟ್ಟಿಯಾಗ ಉಳದ ಒಂದು ಸೌಟು ರಸ ಬೇಡಿ
ಕಾಲು ಎರದು ತಂದ್ರು, ಇನ್ನೂ ಬಿಸಿ ಇತ್ತು, ಅಂಗಿಯಾಗ ಸುತ್ತಿಕೊಂಡು.
ಇವರ ಕೈಯಾಗಿನ ಪಂಪಿನ ಹೊಟ್ಟಿ, ವಾಲ್ವು
ನಾ ನೋಡದ ಊರಿಗೆಲ್ಲಾ ಹೋದವು,
ಮನ್ಯಾಗ ಉಳದದ್ದು ಆ ಕಾಲು ಒಂದ.
ಪತ್ರಾ ಸವೀತು, ಬರ್ನರ್ ಸೀಳಿತು,
ಉರಿ ಕೆಂಪಾಗಿ ಪಾತೇಲಿ ತಳ ಕರ್ರಗಾತು.
ಕಾಲು ಹಂಗ ಐತಿ.

ಕಡೀಕ ತಗೊಂಡದ್ದು
ಮೂಲ್ಯಾಗ ರಟ್ಟಿನ ಡಬ್ಬಿ ಹಿಂದ ಧೂಳು ತಿಂತಿದ್ದ ಎರಡು ಬಾಯಿದು.
ಹೂ ಇಲ್ಲ, ಗಾಜಿಲ್ಲ, ಎತ್ತಾಕ ಇಬ್ಬರು ಬೇಕು.
ಹಿತ್ತಾಳಿ ಬರ್ನರ್. ಚುಂಬಕ ಅಂಟಲಿಲ್ಲ.
ಹಂಚು ಇಟ್ಟರ ಅಲುಗಲಿಲ್ಲ.
ದರ ಕೇಳಿ ನಾ ಸೆರಗು ಹಿಂಡಿದೆ.
"ಎರಡೆರಡು ಸಲ ಸೋವಿ ತಗೊಳ್ಳೂವಷ್ಟು
ಸಾವಕಾರರಲ್ಲ ನಾವು," ಅಂದ್ರು ಇವರು.

ಗ್ಯಾರಂಟಿ ಕಾರ್ಡು ಬಿಚ್ಚಿ ಕಿಲ್ಲೇಕರ
"ಯಾರ ಹೆಸರಲೆ ಬರೀಲಿ?"
ಮನಿ ಉತಾರ ಇವರ ಹೆಸರಲೆ. ಗಾಡಿ, ಲೈಟ್ ಬಿಲ್ಲು,
ಗ್ಯಾಸಿನ ಪುಸ್ತಕ ಸುದ್ದಾ.
ನನ್ನ ಕರಿಯೂದು "ಏ, ಕೇಳಿದೇನ" ಅಂತ.
ಆ ಮನಷ್ಯಾ ಅಷ್ಟು ಮಂದಿ ನಡುವ
ಗಂಟಲು ಸರಿ ಮಾಡಿಕೊಂಡು
ಒಂದೊಂದ ಅಕ್ಷರ ಬಿಡಿಸಿ ಹೇಳಿದರು:
ಶೇವಂತಾ ಭರಮಪ್ಪ ಹುದಲಿ.
ಏನಂದ್ರಿ, ಅಂದ್ರು ಕಿಲ್ಲೇಕರ.
ಇನ್ನೊಮ್ಮೆ ಹೇಳಿದರು.

ಈಗ ಜಿಟಿಜಿಟಿ ಮಳಿ, ಕಿಡಕಿ ಸಂದಿಯೊಳಗ ಗಾಳಿ.
ನೀಲಿ ಉರಿ ಬಾಗತೈತಿ, ಆರೂದಿಲ್ಲ.
ಕಿವಿ ಇನ್ನೂ ಬಿರುಸು, ಎರಡೂ ಕೈ ಹಚ್ಚತೇನಿ.
ಹಳೇದು ಮೋಡಕಾದವಗ ಕಿಲೋ ಲೆಕ್ಕಕ್ಕ ಕೊಟ್ಟೆ,
ಕಾಲೊಂದ ಕೊಡಲಿಲ್ಲ.
ಮೆಣಸು ಕುಟ್ಟಾಕ ಬರತೈತಿ.